ಫ್ರೆಂಚ್ ಉಚ್ಚಾರಕ್ಕೆ ಇಂಗ್ಲಿಷ್ ದಲ್ಲಾಳಿ ಬೇಡ

2014ರ ನವೆಂಬರ್ 1ರಂದು ‘ಹುಬ್ಲಿ’ ಅಧಿಕೃತವಾಗಿ ಹುಬ್ಬಳ್ಳಿಯಾಯಿತು. ಇಂಗ್ಲಿಷರು ನುಂಗಿದ್ದ ನಡುವಿನ ಉಚ್ಚಾರಾಂಶ ಊರಿಗೆ ಮರಳಿತು. ತಮ್ಮ ಊರ ಹೆಸರಿಗಾಗಿ ಹಟ ಹಿಡಿದ ಕನ್ನಡಿಗರು ಫ್ರೆಂಚ್ ಹೆಸರುಗಳನ್ನು ಮಾತ್ರ ಇಂದಿಗೂ ಇಂಗ್ಲಿಷ್ ಕಣ್ಣಿನಿಂದಲೇ ಓದುತ್ತಾರೆ.

ಫ್ರಾನ್ಸಿನ ಯುದ್ಧವಿಮಾನ ‘ರಫಾಲ್’ ನಮ್ಮ ಪತ್ರಿಕೆಗಳಲ್ಲಿ ‘ರಫೇಲ್’. ಹೆಸರಿನ ಕೊನೆಯ ‘ಇ’ ಮೂಕ. ಹಿಂದಿನ ‘ಎ’ ಅಕ್ಷರವನ್ನು ‘ಏ’ ಎಂದು ಎಳೆಸುವ ಅಧಿಕಾರ ಅದಕ್ಕೆ ಇಂಗ್ಲಿಷಿನಲ್ಲಿದೆ, ಫ್ರೆಂಚಿನಲ್ಲಿಲ್ಲ. ಮೈಸೂರು ಸೀಮೆಯಲ್ಲಿ ಬಾಳಿ 1823ರಲ್ಲಿ ಫ್ರಾನ್ಸಿಗೆ ಮರಳಿದ ಪಾದ್ರಿ ದ್ಯುಬ್ವಾ ಕನ್ನಡದಲ್ಲಿ ‘ಡುಬಾಯ್’ ಆಗಿದ್ದೂ ಇದೇ ದಲ್ಲಾಳಿತನದಿಂದ.

ಅಸಲಿಗೆ ಕನ್ನಡದ ಕಿವಿಗೆ ಫ್ರೆಂಚ್ ಅಷ್ಟು ದೂರದ್ದಲ್ಲ. ಅಲ್ಲಿನ ಪದಗಳು ಸಾಧ್ಯವಾದಷ್ಟೂ ಸ್ವರದಲ್ಲಿ ಮುಗಿಯುವ ತುಂಡುಗಳಾಗಿ ಒಡೆಯುತ್ತವೆ. ತುಂಡುಗಳಿಗೆಲ್ಲ ಹೆಚ್ಚುಕಡಿಮೆ ಒಂದೇ ತೂಕ, ಒತ್ತು ಕೊನೆಯದಕ್ಕೆ. ಪದದ ಕೊನೆಯ ವ್ಯಂಜನ ಬಹಳ ಸಲ ಕೇಳಿಸುವುದೇ ಇಲ್ಲ: ಪ್ಯಾರಿಸ್ ಅಲ್ಲಿ ‘ಪಾರಿ’. ರೋಮನ್ ಲಿಪಿಯಲ್ಲಿ ಏಳು ಅಕ್ಷರಗಳ ಕಾರು ಕಂಪನಿ ‘ರೆನಾಲ್ಟ್’ ಬಾಯಲ್ಲಿ ಬರೀ ‘ರೆ-ನೋ’.

ಆದರೆ ಮುಂದಿನ ಪದ ಸ್ವರದಿಂದ ಶುರುವಾದರೆ ವ್ಯಂಜನ ಅತ್ತ ಜಿಗಿಯುತ್ತದೆ. ‘ಇಲ್’ ಮತ್ತು ‘ಎ’ ಎಂಬ ಪದಗಳು ಸೇರಿ ‘ಇ-ಲೆ’. ‘ಲೆ’ ಪದದಲ್ಲಿ ಮೂಕವಾಗಿದ್ದ ‘ಎಸ್’ ಕೂಡ ‘ಆಮಿ’ ಎದುರಾದೊಡನೆ ಬಾಯಿಬಿಟ್ಟು ‘ಲೆ-ಜ಼ಾ-ಮಿ’ ಆಗುತ್ತದೆ. ಹುಬ್ಬಳ್ಳಿ ಮಂದಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ‘ಏನು ಐತಿ’ಯನ್ನು ‘ಏ-ನೈ-ತಿ’ ಮಾಡಿ ಅವರು ದಿನವಿಡೀ ಆಡುತ್ತಾರೆ. ಶಾಲೆಯಲ್ಲಿ ಅದಕ್ಕೆ ಲೋಪಸಂಧಿ ಎನ್ನುತ್ತಾರೆ, ಅಷ್ಟೇ.

ಒಂದು ವ್ಯತ್ಯಾಸ ಮಾತ್ರ ಸೊಗಸಾಗಿದೆ. ಕನ್ನಡ ಲಿಪಿ ‘ಬ್ಬ’ ಎಂದು ಒತ್ತಕ್ಷರ ಕೂಡಿಸಿ ಬರೆದರೂ ಬಾಯಿ ‘ಹುಬ್-ಬಳ್-ಳಿ’ ಎಂದು ಬಿಡಿಸುತ್ತದೆ. ಪ್ರಸ್ತಾರ ಹಾಕಿದರೆ ಗುರು, ಗುರು, ಲಘು. ಫ್ರೆಂಚಿನದು ತದ್ವಿರುದ್ಧ. ಚೆಂಡು ಎಂಬರ್ಥದ ‘ಬಲೋಂ’ ಪದವನ್ನು ಸಾಲಿನ ಕೊನೆಯಲ್ಲಿ ಮುರಿಯುವಾಗ ಅಚ್ಚಿನಲ್ಲಿ ಎರಡು ‘ಎಲ್’ಗಳ ನಡುವೆ ಗೆರೆ ಬೀಳುತ್ತದೆ, ಬಾಯಲ್ಲಿ ಕೇಳುವುದು ಒಂದೇ ಲಕಾರ: ‘ಬ-ಲೋಂ’.

ಮೂಗಿನ ಸ್ವರಗಳು, ಗಂಟಲಿನ ರಕಾರ, ತುಟಿ ಚೂಪಾಗಿಸಿ ‘ಈ’ ಅನ್ನುವ ಸ್ವರ — ಇವಿಷ್ಟನ್ನು ಬೆವರು ಸುರಿಸಿಯೇ ಕಲಿಯಬೇಕು. ಉಳಿದದ್ದಕ್ಕೆ ಲಘು-ಗುರು, ಸಂಧಿ ಬಲ್ಲ ಹೈಸ್ಕೂಲು ಹುಡುಗ ಸಾಕು. ಫ್ರೆಂಚ್ ಕಲಿಸುವವರು ಪಾಠವನ್ನು ಕನ್ನಡದಿಂದಲೇ ಶುರುಮಾಡಲಿ. ಪತ್ರಿಕೆಗಳೂ ಮುಂದಿನ ಸಲ ‘ರಫಾಲ್’ ಎಂದೇ ಅಚ್ಚು ಹಾಕಲಿ.