ಅಂಗಳದ ಕೊಳವೆಯನ್ನು ನಂಬಿ ಕೂರಬೇಡಿ

ಪತ್ತನಾಜೆಯ ಮುನ್ನ ಮಾಡಿನ ಹಂಚು ಸರಿಪಡಿಸುವುದು, ತೋಡಿನ ಹೂಳೆತ್ತುವುದು, ಸೌದೆ ಒಟ್ಟುವುದು ನಮ್ಮ ಕಡೆಯ ಮನೆಗಳಲ್ಲಿ ತಪ್ಪದ ಕೆಲಸ. ಆದರೆ ಹಳೆಯ ಮನೆಯ ಅರ್ತಿಂಗನ್ನು ಪರೀಕ್ಷಿಸುವ ರೂಢಿ ಇನ್ನೂ ಬೆಳೆದಿಲ್ಲ. ವಯರಿಂಗ್ ಮಾಡಿಸಿದಾಗ ಹೂತ ಕೊಳವೆಯೊಂದು ಅಂಗಳದ ಮೂಲೆಯಲ್ಲಿದೆ ಎಂಬಷ್ಟಕ್ಕೇ ನಾವು ನೆಮ್ಮದಿಯಿಂದಿದ್ದೇವೆ.

ಈ ನೆಮ್ಮದಿಗೆ ಆಧಾರ ಸಾಲದು. ಪಂಪೋ ಗ್ರೈಂಡರೋ ಕೆಟ್ಟು ಅದರ ಲೋಹದ ಮೈಗೆ ಕರೆಂಟು ತಗಲಿದಾಗ, ಅದು ಸರಾಗವಾಗಿ ನೆಲಕ್ಕಿಳಿದರೆ ಮಾತ್ರ ಫ್ಯೂಸ್ ಹೋಗುತ್ತದೆ. ನಮ್ಮದು ಮುರಕಲ್ಲಿನ ನೆಲ. ಬೇಸಗೆಯಲ್ಲಿ ಒಣಗಿದರೆ ಕರೆಂಟಿಗೆ ಬಲವಾದ ತಡೆಯೊಡ್ಡುತ್ತದೆ. ಆ ತಡೆ 50 ಓಮ್ ಎಂದಿಟ್ಟುಕೊಳ್ಳೋಣ. 230 ವೋಲ್ಟಿಗೆ ಹರಿಯುವುದು 4.6 ಆಂಪಿಯರ್ ಮಾತ್ರ. 5 ಆಂಪಿಯರಿನ ಫ್ಯೂಸ್ ಕರಗದು. ಪಂಪಿನ ಮೈಯಲ್ಲಿ ಮೃತ್ಯು ಕಾದು ಕುಳಿತಿರುತ್ತದೆ. ಬಲ್ಬು ಉರಿಸಿ ನೋಡುವ ಪರೀಕ್ಷೆಯನ್ನೂ ನಂಬುವಂತಿಲ್ಲ. 100 ವಾಟಿನ ಬಲ್ಬಿಗೆ ಅರ್ಧ ಆಂಪಿಯರೂ ಬೇಡ. ಕೆಟ್ಟ ಅರ್ತಿನಲ್ಲೂ ಅದು ಉರಿಯುತ್ತದೆ.

ಹಳೆಯ ಮನೆಗಳಲ್ಲಿ ಇನ್ನೆರಡು ಅಪಾಯಗಳುಂಟು. ಕೆಲವೆಡೆ ಅರ್ತ್ ತಂತಿಯನ್ನು ಕಬ್ಬಿಣದ ನೀರಿನ ಪೈಪಿಗೆ ಸುತ್ತಿರುತ್ತಾರೆ. ನಡುವೆ ಪಿವಿಸಿ ಪೈಪು ಹಾಕಿದ ದಿನವೇ ಆ ಅರ್ತ್ ಸತ್ತಂತೆ. ಅಷ್ಟೇ ಅಲ್ಲ, ಯಂತ್ರದ ಕರೆಂಟು ಬಚ್ಚಲಿನ ನಲ್ಲಿಗೂ ಬಂದೀತು. ಮತ್ತೆ ಕೆಲವೆಡೆ ಪ್ಲಗ್ಗಿನ ಅರ್ತನ್ನು ನ್ಯೂಟ್ರಲಿಗೇ ಕಟ್ಟಿ ಕೆಲಸ ಮುಗಿಸಿರುತ್ತಾರೆ. ನ್ಯೂಟ್ರಲ್ ಕಡಿದರೆ, ಕೆಡದ ಯಂತ್ರದ ಮೈಯೂ ಹೊಡೆಯುತ್ತದೆ.

ಆದ್ದರಿಂದ ನೆಲ ಒಣಗಿರುವ ಏಪ್ರಿಲ್, ಮೇ ತಿಂಗಳಲ್ಲೇ ಪರವಾನಿಗೆಯುಳ್ಳ ವಯರ್‌ಮ್ಯಾನನ್ನು ಕರೆಸಿ, ಅರ್ತ್ ಟೆಸ್ಟರಿನಿಂದ ಅಳೆಸಬೇಕು. ಮಳೆಗಾಲದ ಅಳತೆ ಸುಳ್ಳು ಧೈರ್ಯ ಕೊಟ್ಟೀತು. ಪ್ರತಿ ಪ್ಲಗ್ಗಿನಿಂದ ಕೊಳವೆಯವರೆಗೆ ತಂತಿ ಕಡಿಯದೆ ಇದೆಯೇ ಎಂದೂ, ಬಚ್ಚಲಿನ ಲೋಹದ ಪೈಪುಗಳನ್ನು ಅರ್ತಿಗೆ ಸರಿಯಾಗಿ ಜೋಡಿಸಿದೆಯೇ ಎಂದೂ ನೋಡಿಸಬೇಕು. 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇಲ್ಲದ ಮನೆಗೆ ಅದನ್ನು ಹಾಕಿಸಲೇಬೇಕು. ಫ್ಯೂಸಿಗೆ ತಿಳಿಯದ ಸಣ್ಣ ಸೋರಿಕೆಯನ್ನೂ ಅದು ಅರಿತು ಕರೆಂಟು ಕಡಿಯುತ್ತದೆ. ಅದರ ಟೆಸ್ಟ್ ಗುಂಡಿಯನ್ನು ಆಗಾಗ ಒತ್ತಿ ನೋಡಬೇಕು. ಆದರೆ ಆ ಗುಂಡಿ ಪರೀಕ್ಷಿಸುವುದು ಆ ಸಾಧನವನ್ನೇ ಹೊರತು ಅರ್ತನ್ನಲ್ಲ.

ಅಧಿಕಾರಿಗಳಲ್ಲಿ ನಮ್ಮದೊಂದು ಮಾತು. ಮಂಜೇಶ್ವರ, ಬದಿಯಡ್ಕ, ಎಣ್ಮಕಜೆಯ ಹಳೆಮನೆಗಳಲ್ಲಿ ಕನ್ನಡ ಮಾತ್ರ ಓದಬಲ್ಲ ಹಿರಿಯರಿದ್ದಾರೆ. ಇಂತಹ ಎಚ್ಚರಿಕೆ ಅವರಿಗೆ ಕನ್ನಡದಲ್ಲೇ ತಲಪಬೇಕು. ಪಂಚಾಯತುಗಳು ಮಳೆಗೆ ಮುನ್ನ ವಾರ್ಡಿಗೊಂದು ತಪಾಸಣೆಯ ದಿನ ಗೊತ್ತುಪಡಿಸಿದರೆ ಬಡವರಿಗೂ ಉಪಕಾರವಾದೀತು. ಭಾಷೆಯ ಹಕ್ಕಿನ ಮಾತು ಹಾಗಿರಲಿ, ಇದು ಜೀವದ ಪ್ರಶ್ನೆ.