ಪೊಲ್ಯೂಷನ್ ಸರಿ, ಮಾಡಿದ್ದು ಯಾರು?

(1/6)
ಸ್ಪೋಕನ್ ಇಂಗ್ಲಿಷ್ ಕ್ಲಾಸ್, ಪ್ಲೇಸ್‌ಮೆಂಟ್ ಟ್ರೈನಿಂಗ್, ಕಾಲೇಜಿನ ಜಿಡಿ, ಎಲ್ಲಿಗೆ ಹೋದ್ರೂ ಒಂದು ಟಾಪಿಕ್ ಗ್ಯಾರಂಟಿ: ಪೊಲ್ಯೂಷನ್. ಎಲ್ಲರ ಬಾಯಲ್ಲೂ ಅದೇ ಮೂರು ಸಾಲು. ‘ಪೊಲ್ಯೂಷನ್ ಈಸ್ ಎ ಬಿಗ್ ಪ್ರಾಬ್ಲಮ್.’ ‘ಇಟ್ ಈಸ್ ಇನ್‌ಕ್ರೀಸಿಂಗ್ ಡೇ ಬೈ ಡೇ.’ ‘ಸೋ ವೀ ಶುಡ್ ಪ್ಲಾಂಟ್ ಮೋರ್ ಟ್ರೀಸ್.’ ಥ್ಯಾಂಕ್ಯೂ. ಚಪ್ಪಾಳೆ. ನೆಕ್ಸ್ಟ್.

ಟಾಪಿಕ್ ಬೇಡ ಅಂತಿಲ್ಲ. ಇಂಗ್ಲಿಷಲ್ಲಿ ಮಾತಾಡೋದು ಕಲಿಯೋಕೆ ಇದು ಒಳ್ಳೆ ಟಾಪಿಕ್ಕೇ. ನನ್ನ ತಕರಾರು ಕಲಿಸೋ ರೀತಿ ಬಗ್ಗೆ.

(2/6)
ಆ ಮೂರು ಸಾಲನ್ನ ಇನ್ನೊಂದ್ಸಲ ಓದಿ. ಅದರಲ್ಲಿ ಊರಿಲ್ಲ, ವರ್ಷ ಇಲ್ಲ, ಮನುಷ್ಯರೇ ಇಲ್ಲ. ಗ್ರಾಮರ್ ಕ್ಲಾಸಲ್ಲಿ ಪ್ಯಾಸಿವ್ ವಾಯ್ಸ್‌ಗೆ ಕೊಡೋ ಉದಾಹರಣೆನೂ ಹಿಂಗೇ: ‘ವೇಸ್ಟ್ ಈಸ್ ಥ್ರೋನ್ ಇಂಟು ದ ಲೇಕ್.’ ಎಸೆದವರು ಯಾರು? ವಾಕ್ಯ ಅದನ್ನ ಹೇಳಲ್ಲ, ನಾವೂ ಕೇಳಲ್ಲ. ಅದೇ ವಾಕ್ಯಾನ ಆಕ್ಟಿವ್ ವಾಯ್ಸ್‌ಗೆ ತಿರುಗಿಸಿ ಅಂದ್ರೆ ಕರ್ತೃ ಬೇಕಾಗುತ್ತೆ. ಅಲ್ಲಿಂದ ಶುರುವಾಗುತ್ತೆ ನಿಜವಾದ ಡಿಸ್ಕಷನ್.

(3/6)
ಬೆಳ್ಳಂದೂರು ಕೆರೆ ತಗೊಳ್ಳಿ. ನಗರದ ಮನೆಗಳ ಕೊಳಚೆ ನೀರು ಸರಿಯಾಗಿ ಶುದ್ಧ ಆಗದೇನೇ ಕೆರೆಗೆ ಸೇರ್ತಿತ್ತು. ಅದರ ಜೊತೆ ನಾವು ಬಟ್ಟೆ ಒಗೆಯೋ ಡಿಟರ್ಜೆಂಟ್ ಕೂಡ. ಕೋಡಿಯಲ್ಲಿ ನೀರು ಧುಮುಕುವಾಗ ನೊರೆ ಎದ್ದು ರಸ್ತೆಗೇ ಹಾರ್ತಿತ್ತು. 2015ರಲ್ಲಿ ಬೆಂಕಿ ಬಿತ್ತು, 2017ರಲ್ಲೂ ಬಿತ್ತು, 2018ರ ಜನವರಿಯಲ್ಲಿ ಮತ್ತೆ ಬಿತ್ತು. ಆಗ ಆರಿಸೋಕೆ ಸೈನಿಕರೂ ಬಂದ್ರು.

ಈಗ ಕ್ಲಾಸಲ್ಲಿ ಕೇಳಿ: ನೀರಿರೋ ಕೆರೆಗೆ ಬೆಂಕಿ ಹೇಗೆ ಬಿತ್ತು? ಯಾರು ಏನು ಮಾಡ್ಬೇಕಿತ್ತು? ಮಾಡಿದ್ರೆ ಏನಾಗ್ತಿತ್ತು? ಮೊದಲನೇದಕ್ಕೆ ಪಾಸ್ಟ್ ಟೆನ್ಸ್, ಎರಡನೇದಕ್ಕೆ ‘ಶುಡ್ ಹ್ಯಾವ್’, ಮೂರನೇದಕ್ಕೆ ‘ಇಫ್’. ಮೂರು ಪ್ರಶ್ನೆಗೆ ಮೂರು ಗ್ರಾಮರ್ ಪಾಠ! ಬಾಯಿಪಾಠ ಮಾಡ್ಕೊಂಡು ಬಂದ ಸಾಲು ಇಲ್ಲಿ ಕೆಲಸಕ್ಕೆ ಬರಲ್ಲ. ತಪ್ಪೋ ಸರಿಯೋ, ಸ್ವಂತ ವಾಕ್ಯ ಕಟ್ಟಲೇಬೇಕು.

(4/6)
ಕಂಪ್ಯಾರಿಸನ್ ಕಲಿಸೋಕೆ ‘ರಾಮ ಈಸ್ ಟಾಲರ್ ದ್ಯಾನ್ ಶಾಮ’ ಯಾಕೆ? ಗಾಳಿಯಲ್ಲಿರೋ ಸಣ್ಣ ಧೂಳು ಪಿಎಂ 2.5. ಅದರ ವಾರ್ಷಿಕ ಸರಾಸರಿ ಒಂದು ಘನ ಮೀಟರಿಗೆ 5 ಮೈಕ್ರೋಗ್ರಾಂ ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳ್ತು. ನಮ್ಮ ದೇಶ 2009ರಲ್ಲಿ ಇಟ್ಟ ಮಿತಿ 40. ಅಂದ್ರೆ ಎಂಟು ಪಟ್ಟು. ಯಾಕೆ ಇಷ್ಟು ವ್ಯತ್ಯಾಸ ಅಂತ ಕೇಳಿದ್ರೆ ಅರ್ಧ ಗಂಟೆ ಮಾತು ನಿಲ್ಲಲ್ಲ.

ಕಾಮರ್ಸ್‌ನವರು ನಾವು, ಲೆಕ್ಕದಲ್ಲೂ ಮಾತಾಡ್ಬಹುದು. ಕೊಳಕು ನೀರನ್ನ ಹಂಗೇ ಬಿಡೋ ಫ್ಯಾಕ್ಟರಿಗೆ ಶುದ್ಧೀಕರಣದ ಖರ್ಚು ಉಳೀತು, ಪಿ ಅಂಡ್ ಎಲ್‌ನಲ್ಲಿ ಲಾಭ ಜಾಸ್ತಿ ಕಾಣ್ತು. ಆ ಖರ್ಚು ಮಾಯ ಆಯ್ತಾ? ಇಲ್ಲ. ಕೆಳಗಿನ ಊರಿನವರು ಬಾವಿ ಬಿಟ್ಟು ಕ್ಯಾನ್ ನೀರು ತಗೊಳ್ಳೋ ದುಡ್ಡಲ್ಲಿ, ಆಸ್ಪತ್ರೆ ಬಿಲ್ಲಲ್ಲಿ ಕೂತಿದೆ. ಇದನ್ನ ಎರಡು ನಿಮಿಷ ಇಂಗ್ಲಿಷಲ್ಲಿ ವಿವರಿಸೋಕೆ ಬಂದ್ರೆ ಇಂಟರ್‌ವ್ಯೂನಲ್ಲಿ ಬೇರೇನು ಬೇಕು?

(5/6)
ಪೊಲ್ಯೂಷನ್ ‘ಸೇಫ್’ ಟಾಪಿಕ್, ಯಾರೂ ಜಗಳ ಆಡಲ್ಲ ಅಂತಾರೆ. ಸುಳ್ಳು! ಕೆ.ಸಿ. ವ್ಯಾಲಿ ಯೋಜನೆ ನೋಡಿ. ಬೆಂಗಳೂರಿನ ಕೊಳಚೆ ನೀರನ್ನ ಎರಡು ಹಂತ ಶುದ್ಧ ಮಾಡಿ, 2018ರಿಂದ ಕೋಲಾರದ ಕೆರೆಗಳಿಗೆ ತುಂಬಿಸ್ತಿದ್ದಾರೆ. ಕೆರೆ ತುಂಬ್ತು, ಬೋರ್‌ವೆಲ್‌ಗೆ ಜೀವ ಬಂತು ಅಂತ ಒಂದು ಕಡೆ. ಮೂರನೇ ಹಂತದ ಶುದ್ಧೀಕರಣ ಮಾಡದೆ ಕಳಿಸ್ಬೇಡಿ, ನಾಳೆ ಅಂತರ್ಜಲ ಕೆಟ್ರೆ ಯಾರು ಗತಿ ಅಂತ ಇನ್ನೊಂದು ಕಡೆ. ಎರಡೂ ಕಡೆ ನಿಜವಾದ ಕಾರಣ ಇದೆ. ಜಿಡಿ ಅಂದ್ರೆ ಇದು.

ಇಂಥ ಟಾಪಿಕ್ ಕೊಟ್ರೆ ಹಿಂದಿನ ಬೆಂಚಲ್ಲಿ ತಲೆ ತಗ್ಗಿಸಿ ಕೂತಿರೋ ಕನ್ನಡ ಮೀಡಿಯಂನವರ ಹತ್ರ ಜಾಸ್ತಿ ಮಾತಿರುತ್ತೆ. ಕೆರೆ ಹೂಳು, ಕೋಡಿ, ರಾಜಕಾಲುವೆ, ಬೋರ್‌ವೆಲ್ ಎಷ್ಟು ಅಡಿಗೆ ಹೋಯ್ತು ಅನ್ನೋದು ಅವರ ಮನೆ ಸುದ್ದಿ. ಅವರಿಗೆ ಇಂಗ್ಲಿಷ್ ಕಮ್ಮಿ ಇರಬಹುದು, ವಿಷಯ ಕಮ್ಮಿ ಇಲ್ಲ. ಮೊದಲ ಐದು ನಿಮಿಷ ಕನ್ನಡದಲ್ಲೇ ವಾದ ಮಾಡೋಕೆ ಬಿಡಿ. ಹೇಳೋದು ಏನು ಅಂತ ಗೊತ್ತಾದ್ಮೇಲೆ ಅದಕ್ಕೆ ಬೇಕಾದ ಇಂಗ್ಲಿಷ್ ಪದ ಹುಡುಕೋದು ಸುಲಭ.

(6/6)
ಹೊಸದಾಗಿ ಕಲಿಯೋರಿಗೆ ರೆಡಿಮೇಡ್ ಸಾಲು ಬೇಕಲ್ವಾ ಅಂತೀರಾ? ಬೇಕು. ಸೈಕಲ್‌ಗೆ ಪಕ್ಕದ ಪುಟ್ಟ ಚಕ್ರ ಇದ್ದ ಹಾಗೆ, ಒಂದೆರಡು ವಾರಕ್ಕೆ. ಕೋರ್ಸ್ ಮುಗಿಯೋವರೆಗೂ ಅದನ್ನೇ ಉರುಳಿಸಿದ್ರೆ ನಾವು ಕಲಿಯೋದು ಏನೂ ಹೇಳದೆ ಮಾತಾಡೋದನ್ನ. ಆ ಅಭ್ಯಾಸ ಇಂಟರ್‌ವ್ಯೂನಲ್ಲಿ ಒಂದೇ ಪ್ರಶ್ನೆಗೆ ಸಿಕ್ಕಿಬೀಳುತ್ತೆ: ‘ಕ್ಯಾನ್ ಯೂ ಗಿವ್ ಆನ್ ಎಕ್ಸಾಂಪಲ್?’

ಮುಂದಿನ ಜಿಡಿಯಲ್ಲಿ ‘ಪೊಲ್ಯೂಷನ್’ ಬಂದ್ರೆ ನಿಮ್ಮೂರಿನ ಒಂದು ಕೆರೆ, ಒಂದು ಚರಂಡಿ, ಒಂದು ಕಸದ ಗುಡ್ಡೆಯ ಹೆಸರು ಹೇಳಿ ಶುರು ಮಾಡಿ. ವ್ಯಾಕರಣ ತಪ್ಪಾದ್ರೂ ಪರವಾಗಿಲ್ಲ, ಕೇಳೋರು ತಲೆ ಎತ್ತಿ ನೋಡ್ತಾರೆ.

ಕಾಮೆಂಟಲ್ಲಿ ಬರೀರಿ: ನಿಮ್ಮೂರಿನ ಕೆರೆ ಹೆಸರೇನು, ಅದಕ್ಕೆ ಏನಾಗಿದೆ, ಮಾಡಿದ್ದು ಯಾರು? ಕನ್ನಡದಲ್ಲಿ ಒಂದು ಸಾಲು, ಇಂಗ್ಲಿಷಲ್ಲಿ ಒಂದು ಸಾಲು. ಪ್ಯಾಸಿವ್ ವಾಯ್ಸ್ ಬ್ಯಾನ್ 😄

#ಸ್ಪೋಕನ್‌ಇಂಗ್ಲಿಷ್ #ನಮ್ಮೂರಕೆರೆ #ಕಾಮರ್ಸ್‌ಹುಡುಗರು #ಕನ್ನಡಮೀಡಿಯಂ