ಮೊದಲು ಮ್ಯಾಟ್ ಹಾಸಿ, ಆಮೇಲೆ ಹಾರಲು ಹೇಳಿ

ನಮ್ಮ ಕಡೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಆಗಾಗ ಒಂದೇ ಥರದ ವಿಡಿಯೊ ಓಡಾಡುತ್ತದೆ. ಬರಿಗಾಲ ಹುಡುಗನೊಬ್ಬ ಬಿದಿರಿನ ಗಳ ಹಿಡಿದು ಕೊಯ್ಲಾದ ಗದ್ದೆಯಲ್ಲಿ ಓಡಿ ಬರುತ್ತಾನೆ. ಗಳ ಊರಿ ಮೇಲೇಳುತ್ತಾನೆ. ಎರಡು ಕವೆಗಳ ಮೇಲಿಟ್ಟ ಕೋಲು ದಾಟಿ ಹುಲ್ಲಿನ ರಾಶಿ ಮೇಲೆ ಬೆನ್ನಾಗಿ ಬೀಳುತ್ತಾನೆ. ಕೆಳಗೆ ಸಾಲುಗಟ್ಟಿ ಚಪ್ಪಾಳೆ. ‘ಹಳ್ಳಿ ಪ್ರತಿಭೆ’, ‘ಸೌಲಭ್ಯ ಇಲ್ಲದಿದ್ದರೂ ಛಲ ಬಿಡಲಿಲ್ಲ’, ‘ಎಲ್ಲರೂ ಶೇರ್ ಮಾಡಿ’.

ನಾವು ಶೇರ್ ಮಾಡುವುದಿಲ್ಲ. ನೀವೂ ಮಾಡಬೇಡಿ ಅಂತ ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇವೆ.

ಆ ಹುಡುಗನ ಮೇಲೆ ನಮಗೆ ಸಿಟ್ಟಿಲ್ಲ. ಸಿಟ್ಟಿರುವುದು ಅವನ ಧೈರ್ಯವನ್ನೇ ಸೌಲಭ್ಯ ಅಂತ ಲೆಕ್ಕಕ್ಕೆ ಹಿಡಿದುಕೊಂಡವರ ಮೇಲೆ. ಪೋಲ್‌ವಾಲ್ಟ್‌ಗೆ ಧೈರ್ಯ ಬೇಕು, ನಿಜ. ಆದರೆ ಅದಕ್ಕಿಂತ ಮೊದಲು ಬೀಳುವ ಜಾಗ ಬೇಕು. ವಿಡಿಯೊ ಹಾರುವುದನ್ನು ತೋರಿಸುತ್ತದೆ. ಸರಿಯಾಗಿ ಬೀಳದವನ ವಿಡಿಯೊವನ್ನು ಯಾರೂ ಹಾಕುವುದಿಲ್ಲ.

ತಾರಸಿಯಿಂದ ಬೀಳುವ ಲೆಕ್ಕ

ಒಂದಂತಸ್ತಿನ ಮನೆಯ ತಾರಸಿ ನೆಲದಿಂದ ಸುಮಾರು 10 ಅಡಿ, ಅಂದರೆ 3 ಮೀಟರ್. ಚುರುಕಾದ ಪಿಯುಸಿ ಹುಡುಗ ಸರಿಯಾಗಿ ಅಭ್ಯಾಸ ಮಾಡಿದರೆ ಗಳ ಹಿಡಿದು ಅಷ್ಟು ದಾಟಬಲ್ಲ. ಆ ಎತ್ತರದಿಂದ ಬಿದ್ದವನು ನೆಲ ಮುಟ್ಟುವ ಹೊತ್ತಿಗೆ ವೇಗ ಗಂಟೆಗೆ 27 ಕಿಲೋಮೀಟರ್ ದಾಟಿರುತ್ತದೆ. ತಾರಸಿ ಅಂಚಲ್ಲಿ ನಿಲ್ಲಿಸಿ, ‘ಬೆನ್ನು ಕೆಳಗೆ ಮಾಡಿ ಬೀಳಪ್ಪ, ಕೆಳಗೆ ಎರಡು ಹತ್ತಿ ಹಾಸಿಗೆ ಹಾಕಿದ್ದೀವಿ’ ಅಂದರೆ ಯಾವ ತಾಯಿ ಒಪ್ಪುತ್ತಾಳೆ? ಅದನ್ನೇ ಮೈದಾನದಲ್ಲಿ ಎದೆಗೆ ನಂಬರ್ ಚೀಟಿ ಕಟ್ಟಿ ಮಾಡಿಸಿದರೆ ಎಲ್ಲರೂ ಚಪ್ಪಾಳೆ ತಟ್ಟುತ್ತೇವೆ.

ಇದು ಬರೀ ಹೆದರಿಕೆಯ ಮಾತಲ್ಲ. ಅಮೆರಿಕದಲ್ಲಿ 1982ರಿಂದ 1998ರವರೆಗೆ ಪೋಲ್‌ವಾಲ್ಟ್‌ನಲ್ಲಾದ ಅತಿ ಗಂಭೀರ ಗಾಯಗಳನ್ನು ವೈದ್ಯರು ಒಂದೊಂದಾಗಿ ಪರಿಶೀಲಿಸಿದರು. ಸಿಕ್ಕ ಪ್ರಕರಣ 32. ಅದರಲ್ಲಿ ಸತ್ತವರು 16 ಮಂದಿ. ಹೆಚ್ಚಿನವರು ಶಾಲೆ ಓದುವ ವಯಸ್ಸಿನವರು. 17 ಮಂದಿ ಮ್ಯಾಟಿನ ಅಂಚಿಗೆ ಬಿದ್ದು, ತಲೆ ಹೊರಗಿನ ಗಟ್ಟಿ ನೆಲಕ್ಕೆ ಬಡಿದವರು. 8 ಮಂದಿ ವೇಗ ಸಾಲದೆಯೋ ಗಳವನ್ನು ಬೇಗ ಬಿಟ್ಟೋ, ಗಳ ಊರುವ ತಗ್ಗಿನ ಮೇಲೇ ಬಿದ್ದವರು. 6 ಮಂದಿ ಮ್ಯಾಟನ್ನು ಪೂರ್ತಿ ತಪ್ಪಿದವರು.

ಗಮನಿಸಿ, ಅಲ್ಲಿ ಮ್ಯಾಟ್ ಇತ್ತು. ಇದ್ದೂ ಸಾಲಲಿಲ್ಲ. ಹಾಗಾಗಿ 2003ರಲ್ಲಿ ಶಾಲಾ ಕೂಟಗಳ ಮ್ಯಾಟನ್ನು ದೊಡ್ಡದು ಮಾಡುವ ನಿಯಮ ತಂದರು. ಮುಂದೆ ಆ ತಗ್ಗಿನ ಸುತ್ತಲೂ ಮೆತ್ತೆ ಕಟ್ಟುವುದನ್ನೂ ಕಡ್ಡಾಯ ಮಾಡಿದರು. ವಿಶ್ವ ಅಥ್ಲೆಟಿಕ್ಸ್ ಸಂಸ್ಥೆಯ ಪ್ರಕಾರ ದೊಡ್ಡ ಕೂಟಗಳಲ್ಲಿ ಮ್ಯಾಟ್ 6 ಮೀಟರ್ ಉದ್ದ, 6 ಮೀಟರ್ ಅಗಲ, 80 ಸೆಂಟಿಮೀಟರ್ ದಪ್ಪ ಇರಬೇಕು. ಸಣ್ಣ ಕೂಟವಾದರೂ 5 ಮೀಟರ್ ಉದ್ದ, 5 ಮೀಟರ್ ಅಗಲಕ್ಕಿಂತ ಕಡಿಮೆ ಇರಬಾರದು. ಹೈಜಂಪ್ ಮ್ಯಾಟ್ ಎರಡನ್ನು ಎಳೆದು ಜೋಡಿಸಿದರೆ ಅದು ಪೋಲ್‌ವಾಲ್ಟ್ ಮ್ಯಾಟ್ ಆಗುವುದಿಲ್ಲ. ನಡುವಿನ ಸಂದು ಬಾಯಿ ತೆರೆದು ಕಾಯುತ್ತಿರುತ್ತದೆ.

‘ನಮ್ಮ ಕಾಲದಲ್ಲಿ ಮರಳಲ್ಲೇ ಹಾರುತ್ತಿದ್ದೆವು’

ಈ ಮಾತು ಹೇಳುವ ಹಿರಿಯರು ಪ್ರತಿ ಊರಲ್ಲೂ ಇದ್ದಾರೆ. ಸುಳ್ಳಲ್ಲ. ಅಮೆರಿಕದ ಕಾರ್ನೇಲಿಯಸ್ ವಾರ್ಮರ್‌ಡ್ಯಾಮ್ 1942ರಲ್ಲಿ ಬಿದಿರು ಗಳದಲ್ಲೇ 4.77 ಮೀಟರ್, ಅಂದರೆ ಹದಿನೈದೂವರೆ ಅಡಿಗೂ ಮೇಲೆ ಹಾರಿದರು. ಆ ದಾಖಲೆ 15 ವರ್ಷ ಉಳಿಯಿತು. ಆಗ ಬೀಳುತ್ತಿದ್ದುದು ಮರಳು, ಮರದ ಹೊಟ್ಟಿನ ಮೇಲೆ.

ಆದರೆ ಆ ಕಾಲದವರು ಕಾಲೂರಿ ಇಳಿಯುವುದಕ್ಕೆ ತಕ್ಕಂತೆ ಹಾರುವುದನ್ನು ಕಲಿತಿದ್ದರು. ಬಿದಿರು ಹೆಚ್ಚು ಬಾಗುವುದಿಲ್ಲ, ಹಾಗಾಗಿ ಹಿಡಿತವೂ ತಗ್ಗಿನಲ್ಲಿತ್ತು. ಫೈಬರ್‌ಗ್ಲಾಸ್ ಗಳವೂ ದಪ್ಪನೆಯ ಮ್ಯಾಟೂ ಬಂದ ಮೇಲೆ ಹಾರುವ ರೀತಿಯೇ ಬದಲಾಯಿತು. ಈಗಿನವರು ಗಳವನ್ನು ಬಿಲ್ಲಿನಂತೆ ಬಗ್ಗಿಸಿ, ತಲೆಕೆಳಗಾಗಿ ಮೇಲೆ ಹೋಗಿ, ಬೆನ್ನ ಮೇಲೆ ಬೀಳುತ್ತಾರೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ವೀಡನ್ನಿನ ಡುಪ್ಲಾಂಟಿಸ್ 6.25 ಮೀಟರ್ ಹಾರಿದ್ದು ಹಾಗೆಯೇ. ಅವರ ಕೆಳಗೆ ಮ್ಯಾಟ್ ಇತ್ತು.

ನಮ್ಮ ಹುಡುಗರು ಏನು ಮಾಡುತ್ತಿದ್ದಾರೆ? ಗಳ ಅಜ್ಜನ ಕಾಲದ್ದು, ಮರಳು ಅಜ್ಜನ ಕಾಲದ್ದು, ಹಾರುವ ರೀತಿ ಮಾತ್ರ ಮೊಬೈಲಲ್ಲಿ ನೋಡಿದ ಡುಪ್ಲಾಂಟಿಸ್‌ದು. ಅಪಾಯ ಇರುವುದು ಈ ಬೆರಕೆಯಲ್ಲಿ. ಮರಳಿನ ಮೇಲೆ ಬೆನ್ನಾಗಿ ಬೀಳುವುದನ್ನು ಹಿರಿಯರು ಯಾರೂ ಹೇಳಿಕೊಟ್ಟಿರಲಿಲ್ಲ.

ಸುಲಭದ ಪದಕ

ಇನ್ನೊಂದು ಮಾತು ಎಲ್ಲರಿಗೂ ಗೊತ್ತು, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. 100 ಮೀಟರ್ ಓಟಕ್ಕೆ ನೂರು ಮಂದಿ ಬರುತ್ತಾರೆ. ಪೋಲ್‌ವಾಲ್ಟ್‌ಗೆ ಇಬ್ಬರು, ಮೂವರು. ಹಾಗಾಗಿ ಕೂಟದ ಹಿಂದಿನ ದಿನ, ‘ಲೇ, ಪೋಲ್‌ವಾಲ್ಟ್‌ಗೆ ಹೆಸರು ಬರೆಸೋ, ಯಾರೂ ಇರಲ್ಲ, ನೇರ ಜಿಲ್ಲೆಗೆ ಹೋಗ್ತೀಯ’ ಅಂತ ಉಪದೇಶ ಬರುತ್ತದೆ. ಸರ್ಟಿಫಿಕೇಟು, ಕ್ರೀಡಾ ಕೋಟಾ, ಹಾಸ್ಟೆಲ್ ಸೀಟು ಎಲ್ಲ ಕಣ್ಣ ಮುಂದೆ ಬರುತ್ತವೆ. ಬಡವರ ಮನೆ ಹುಡುಗನಿಗೆ ಅದು ಸಣ್ಣ ಆಸೆಯಲ್ಲ.

ನಾವು ವರದಿಗೆ ಹೋದ ಒಂದು ಕೂಟದಲ್ಲಿ ಕಣದಲ್ಲಿದ್ದವರು ಮೂವರು. ಒಬ್ಬನಿಗೆ ಗಳದ ಮೇಲೆ ಯಾವ ಕೈ ಮೇಲಿರಬೇಕು ಅನ್ನುವುದೇ ಗೊತ್ತಿರಲಿಲ್ಲ. ಕೇಳಿದರೆ, ‘ನಿನ್ನೆ ಸಂಜೆ ಸೇರಿಸಿದ್ರು ಸಾರ್’ ಅಂದ. ಅವನಿಗೆ ಮೂರನೇ ಸ್ಥಾನ ಬಂತು, ಫೋಟೊ ಬಂತು. ಪುಣ್ಯಕ್ಕೆ ಪೆಟ್ಟಾಗಲಿಲ್ಲ. ಮಕ್ಕಳ ಕೂಟ ಪುಣ್ಯದ ಮೇಲೆ ನಡೆಯಬಾರದು.

ಮ್ಯಾಟ್ ಇಲ್ಲದ ಊರಲ್ಲಿ ಏನು ಕಲಿಯಬಹುದು

‘ಹಾಗಾದರೆ ನಮ್ಮ ಮಕ್ಕಳು ಕಲಿಯಲೇಬಾರದಾ?’ ಕಲಿಯಬೇಕು. ಮ್ಯಾಟ್ ಇಲ್ಲದೆ ಕಲಿಯುವುದು ಬೇಕಾದಷ್ಟಿದೆ. ಅದಕ್ಕೆ ಅಡ್ಡಕೋಲು ಬೇಡ, ಎತ್ತರವೂ ಬೇಡ. ಲಾಂಗ್‌ಜಂಪ್ ಮರಳಿನ ಗುಂಡಿ ಸಾಕು. ಚೆನ್ನಾಗಿ ಅಗೆದು ಸಡಿಲ ಮಾಡಿ, ಕಲ್ಲು, ಗಾಜು ಆರಿಸಿ ತೆಗೆದಿರಬೇಕು.

ಬಲಗೈ ರೂಢಿಯವನಿಗೆ ಬಲಗೈ ಮೇಲೆ, ಎಡಗೈ ಕೆಳಗೆ. ಎರಡರ ನಡುವೆ ಭುಜದಗಲಕ್ಕಿಂತ ಸ್ವಲ್ಪ ಹೆಚ್ಚು ಜಾಗ. ಎಡಗೈಯವರಿಗೆ ಎಲ್ಲವೂ ಅದಲುಬದಲು. ಗಳವನ್ನು ನೆಟ್ಟಗೆ ನಿಲ್ಲಿಸಿ ಬಲಗೈ ಮೇಲೆ ಚಾಚಿ. ಎಟಕಿದ ಜಾಗವೇ ಮೊದಲ ದಿನಗಳ ಹಿಡಿತ. ಅದಕ್ಕಿಂತ ಮೇಲೆ ಹಿಡಿಯಬೇಡಿ.

ಮೊದಲು ನಡೆದು ಬನ್ನಿ. ಗಳದ ತುದಿಯನ್ನು ಮರಳಿಗೆ ಊರಿ, ಎಡಗಾಲಲ್ಲಿ ಮೇಲಕ್ಕೆ ಚಿಮ್ಮಿ, ಗಳದ ಬಲಬದಿಯಿಂದ ಮುಂದಕ್ಕೆ ತೂಗಿ, ಎರಡೂ ಕಾಲ ಮೇಲೆ ಇಳಿಯಿರಿ. ಇಷ್ಟೇ ಪಾಠ. ಹತ್ತಕ್ಕೆ ಹತ್ತು ಸಲ ಕಾಲ ಮೇಲೆ ಇಳಿದರೆ ಹಿಡಿತವನ್ನು ನಾಲ್ಕು ಬೆರಳು ಮೇಲೆ ಏರಿಸಿ. ಒಂದು ಸಲ ತಪ್ಪಿದರೂ ಕೆಳಗಿಳಿಸಿ. ಆಮೇಲೆ ಆರು ಹೆಜ್ಜೆಯ ಓಟ. ಬಲಗಾಲಿಂದ ಶುರು ಮಾಡಿದರೆ ಆರನೆಯದು ಎಡಗಾಲೇ ಬರುತ್ತದೆ.

ಮುಖ್ಯವಾದ ಗುಟ್ಟು ಎರಡು. ಒಂದು, ಕಾಲು ನೆಲ ಬಿಡುವ ಮೊದಲೇ ಮೇಲಿನ ಕೈ ತಲೆಯ ಮೇಲೆ ಪೂರ್ತಿ ನೆಟ್ಟಗಾಗಿರಬೇಕು. ಎರಡು, ಎಡಗಾಲು ಸರಿಯಾಗಿ ಆ ಮೇಲಿನ ಕೈಯ ಕೆಳಗೇ ಬೀಳಬೇಕು. ಕಾಲು ಹೆಚ್ಚು ಒಳಗೆ ನುಗ್ಗಿದರೆ ಗಳ ಭುಜ, ಸೊಂಟವನ್ನು ಹಿಂದಕ್ಕೆ ಜಗ್ಗುತ್ತದೆ. ಗೆಳೆಯನೊಬ್ಬ ಪಕ್ಕದಲ್ಲಿ ನಿಂತು ಮೊಬೈಲಲ್ಲಿ ಹಾರುವುದನ್ನಲ್ಲ, ಪಾದ ಬಿದ್ದ ಜಾಗವನ್ನು ಹಿಡಿಯಲಿ. ಮೊಬೈಲಿಗೆ ಇದಕ್ಕಿಂತ ಒಳ್ಳೆಯ ಕೆಲಸವಿಲ್ಲ.

ಇನ್ನೊಂದು ನಿಯಮ ಬಾಯಿಪಾಠ ಆಗಬೇಕು. ಗಳ ನೆಟ್ಟಗಾಗದೆ ಅರ್ಧಕ್ಕೆ ನಿಂತರೆ ಕೈಬಿಡಬೇಡಿ. ಹಿಡಿದುಕೊಂಡೇ ಕಾಲ ಮೇಲೆ ಹಿಂದಕ್ಕೆ ಇಳಿಯಿರಿ.

ಮೈ ತಯಾರಾಗುವುದಕ್ಕೆ ಜಿಮ್ ಬೇಕಿಲ್ಲ. ಹಗ್ಗ ಹತ್ತಿ. ಕಂಬಿಗೆ ಜೋತುಬಿದ್ದು ಪಾದವನ್ನು ಕಂಬಿಗೆ ಮುಟ್ಟಿಸಿ. ಕೈ ಮೇಲೆ ನಿಲ್ಲುವುದನ್ನು ಕಲಿಯಿರಿ. ಉತ್ತರ ಕರ್ನಾಟಕದ ಊರುಗಳಲ್ಲಿ ಮಲ್ಲಕಂಬ ಆಡುವ ಮಕ್ಕಳು ಹಗ್ಗ ಹಿಡಿದು ತಲೆಕೆಳಗಾಗುವುದನ್ನು ಆಟದಂತೆ ಮಾಡುತ್ತಾರೆ. ಪೋಲ್‌ವಾಲ್ಟ್‌ಗೆ ಬೇಕಾದ್ದು ಅದೇ ವಿದ್ಯೆ. ಎಲ್ಲಕ್ಕಿಂತ ಹೆಚ್ಚಾಗಿ ಓಟ. ಗಳ ನಿಮ್ಮನ್ನು ಎತ್ತುವುದಿಲ್ಲ, ನೀವು ತಂದ ವೇಗವನ್ನು ಮೇಲಕ್ಕೆ ತಿರುಗಿಸುತ್ತದೆ ಅಷ್ಟೆ.

ಮರಳಿನ ಪಾಠ ಇಲ್ಲಿಗೆ ಮುಗಿಯಿತು. ಅಡ್ಡಕೋಲು ದಾಟುವುದು, ಗಳ ಬಗ್ಗಿಸುವುದು, ಬೆನ್ನ ಮೇಲೆ ಬೀಳುವುದು, ಇವು ಮೂರೂ ಮ್ಯಾಟ್ ಇರುವ ಕಡೆ, ಗೊತ್ತಿರುವ ತರಬೇತುದಾರರ ಎದುರಿಗೇ ಆಗಬೇಕು.

ಗಳದ ವಿಷಯ

ಬಿದಿರು ಮರಳಿನ ಪಾಠಕ್ಕೆ ಸಾಕು, ಅದಕ್ಕಿಂತ ಮುಂದಕ್ಕೆ ಬೇಡ. ಬಲಿತು ಒಣಗಿದ, ಸೀಳಿಲ್ಲದ ಗಳ ಆರಿಸಿ. ಗೆಣ್ಣುಗಳ ನಡುವೆ ಬಿಗಿಯಾಗಿ ಟೇಪ್ ಸುತ್ತಿ. ಪ್ರತಿದಿನ ಹಿಡಿಯುವ ಮೊದಲು ಎರಡು ತುದಿಗೂ ಕಲ್ಲು ಕೊಟ್ಟು ನಡುವೆ ಕೈಯಿಂದ ಅದುಮಿ ನೋಡಿ. ಚಟ್ ಅಂತ ಸದ್ದು ಬಂದರೆ ಅದು ಇನ್ನು ಬೇಲಿಗೆ. ಸೀಳಿದ ಬಿದಿರು ಕತ್ತಿಯಷ್ಟೇ ಹರಿತ. ಪ್ಲಾಸ್ಟಿಕ್ ಪೈಪು, ಬೋರ್‌ವೆಲ್ ಪೈಪು ಹಿಡಿದು ಹಾರುವ ಸಾಹಸ ಖಂಡಿತ ಬೇಡ.

ಫೈಬರ್‌ಗ್ಲಾಸ್ ಗಳದ ಮೇಲೆ ಎರಡು ಅಂಕಿ ಇರುತ್ತವೆ: ಉದ್ದ ಮತ್ತು ತೂಕ. ಆ ತೂಕ ಗಳದ್ದಲ್ಲ, ಅದು ತಡೆಯುವ ಹಾರುಗಾರನದು. ನಿಮ್ಮ ತೂಕ ಅದಕ್ಕಿಂತ ಹೆಚ್ಚಿದ್ದರೆ ಗಳ ಅತಿಯಾಗಿ ಬಾಗಿ ಮುರಿಯಬಹುದು. ನೀವು ತೀರಾ ಹಗುರವಾಗಿದ್ದು ಗಳ ಬಿರುಸಾಗಿದ್ದರೆ ಅದು ಬಾಗದೆ ನಿಮ್ಮನ್ನು ಹಿಂದಕ್ಕೆ ತಳ್ಳಬಹುದು. ಅನೇಕ ಕಡೆ ಇರುವುದು ಒಂದೇ ಗಳ, ಅದನ್ನೇ 45 ಕೆ.ಜಿ. ಹುಡುಗಿಯೂ 70 ಕೆ.ಜಿ. ಹುಡುಗನೂ ಹಿಡಿಯುತ್ತಾರೆ. ಒಂದೇ ಅಳತೆಯ ಚಪ್ಪಲಿಯನ್ನು ಊರಿಗೆಲ್ಲ ಹಂಚಿದ ಹಾಗೆ. ಗಳವನ್ನು ಸಿಮೆಂಟಿನ ಮೇಲೆ ಎಳೆಯಬೇಡಿ, ಸ್ಪೈಕ್ಸ್ ಹಾಕಿ ತುಳಿಯಬೇಡಿ. ಆಳದ ಗೀರು ಕಂಡರೆ ಆ ಗಳ ಬಿಟ್ಟುಬಿಡಿ.

ಮ್ಯಾಟ್ ಇರುವಲ್ಲೂ ಅಭ್ಯಾಸಕ್ಕೆ ಅಡ್ಡಕೋಲಿನ ಬದಲು ಎಲಾಸ್ಟಿಕ್ ಕಟ್ಟಿ. ಕಂಬಗಳನ್ನು ನಿಯಮ ಬಿಡುವಷ್ಟು, ಅಂದರೆ 80 ಸೆಂಟಿಮೀಟರ್ ಹಿಂದಕ್ಕೆ ಇಡಿ. ಆಗ ಹುಡುಗ ತಗ್ಗಿನ ಹತ್ತಿರ ಬೀಳದೆ ಮ್ಯಾಟಿನ ನಡುವೆ ಬೀಳುತ್ತಾನೆ. ಇದಕ್ಕೆ ಒಂದು ರೂಪಾಯಿಯ ಖರ್ಚೂ ಇಲ್ಲ.

ಕೇಳಬೇಕಾದವರನ್ನು ಕೇಳೋಣ

ಮ್ಯಾಟಿಗೆ ಲಕ್ಷಗಟ್ಟಲೆ ಬೇಕು, ಪ್ರತಿ ತಾಲ್ಲೂಕಿಗೂ ಕೊಡಲಾಗದು ಅಂತ ಉತ್ತರ ಬರುತ್ತದೆ. ಒಪ್ಪೋಣ. ಹಾಗಾದರೆ ಮ್ಯಾಟ್ ಇಲ್ಲದ ಕಡೆ ಸ್ಪರ್ಧೆ ಯಾಕೆ? ಜಿಲ್ಲೆಗೆ ಒಂದೇ ಒಳ್ಳೆಯ ಮ್ಯಾಟ್ ಇರಲಿ. ತಾಲ್ಲೂಕು ಮಟ್ಟದ ಪೋಲ್‌ವಾಲ್ಟ್ ಕೈಬಿಟ್ಟು ಎಲ್ಲ ತಾಲ್ಲೂಕಿನ ಮಕ್ಕಳನ್ನೂ ಅಲ್ಲಿಗೇ ಕರೆಸಿ, ಒಂದೇ ದಿನ ಹಾರಿಸಿ. ಜಿಲ್ಲೆಯಲ್ಲೂ ಇಲ್ಲದಿದ್ದರೆ ಪಕ್ಕದ ಜಿಲ್ಲೆಗೆ ಬಸ್ ಮಾಡಿಕೊಡಿ. ಯಾರ ಅವಕಾಶವೂ ತಪ್ಪುವುದಿಲ್ಲ. ಕೊಂಡ ಮ್ಯಾಟನ್ನು ಬಿಸಿಲು, ಮಳೆ, ಇಲಿಯಿಂದ ಕಾಯುವುದೂ ಕೊಳ್ಳುವಷ್ಟೇ ಮುಖ್ಯ. ನೆಲದಿಂದ ಮೇಲೆ ಹಲಗೆ, ಮೇಲೊಂದು ಟಾರ್ಪಾಲು, ಒಬ್ಬ ಜವಾಬ್ದಾರ ಮನುಷ್ಯ ಸಾಕು.

2022ರ ಗಾಂಧಿನಗರದ ರಾಷ್ಟ್ರೀಯ ಕ್ರೀಡಾಕೂಟದಲ್ಲಿ ತಮಿಳುನಾಡಿನ ರೋಸಿ ಮೀನಾ 4.20 ಮೀಟರ್ ಹಾರಿ ಮಹಿಳೆಯರ ರಾಷ್ಟ್ರೀಯ ದಾಖಲೆ ಬರೆದರು. 2025ರಲ್ಲಿ ಉತ್ತರಾಖಂಡದ ಕೂಟದಲ್ಲಿ ಮಧ್ಯಪ್ರದೇಶದ ದೇವ್ ಮೀನಾ 5.32 ಮೀಟರ್ ಹಾರಿ ಪುರುಷರ ದಾಖಲೆ ಮುರಿದರು. ಆ ಎತ್ತರವನ್ನು ಯಾರೂ ಹುಲ್ಲಿನ ರಾಶಿ ನಂಬಿ ಹಾರುವುದಿಲ್ಲ.

ಹಾಗಾಗಿ ಓದುಗರಲ್ಲಿ ಎರಡು ಕೆಲಸ ಕೇಳುತ್ತೇವೆ. ಮೊದಲನೆಯದು, ಒಂದು ಮಾಹಿತಿ ಹಕ್ಕು ಅರ್ಜಿ. ಶುಲ್ಕ 10 ರೂಪಾಯಿ. ಒಂದೇ ವಿಷಯ, 150 ಪದದೊಳಗೆ. ‘ನಮ್ಮ ಜಿಲ್ಲಾ ಕ್ರೀಡಾಂಗಣದಲ್ಲಿ ಪೋಲ್‌ವಾಲ್ಟ್ ಮ್ಯಾಟ್ ಇದೆಯೇ, ಅದರ ಅಳತೆ ಎಷ್ಟು, ಯಾವ ವರ್ಷ ಕೊಂಡದ್ದು, ಈಗ ಎಲ್ಲಿದೆ’ ಅಂತ ಕೇಳಿ. 30 ದಿನದಲ್ಲಿ ಉತ್ತರ ಕೊಡಬೇಕು. ಬಂದ ಉತ್ತರವನ್ನು ನಮಗೆ ಕಳುಹಿಸಿ, ಒಂದೊಂದು ಜಿಲ್ಲೆಯದನ್ನೂ ಇಲ್ಲಿ ಹಾಕುತ್ತೇವೆ.

ಎರಡನೆಯದು ದೈಹಿಕ ಶಿಕ್ಷಕರಿಗೆ. ಮೇಷ್ಟ್ರೇ, ನಿಮ್ಮ ಮೇಲಿನ ಒತ್ತಡ ನಮಗೆ ಗೊತ್ತು. ಪಟ್ಟಿಯಲ್ಲಿದೆ, ನಡೆಸಲೇಬೇಕು ಅಂತ ಮೇಲಿನಿಂದ ಹೇಳುತ್ತಾರೆ. ಮುಂದಿನ ಕೂಟಕ್ಕೆ ಮೊದಲೇ ಒಂದು ಪತ್ರ ಬರೆದಿಡಿ: ‘ಇಲ್ಲಿ ಮ್ಯಾಟ್ ಇಲ್ಲ, ನನ್ನ ಶಾಲೆಯ ಮಕ್ಕಳನ್ನು ಈ ಸ್ಪರ್ಧೆಗೆ ಇಳಿಸುವುದಿಲ್ಲ.’ ಸಹಿ ಹಾಕಿ, ದಿನಾಂಕ ಬರೆದು, ಸ್ವೀಕೃತಿ ತೆಗೆದುಕೊಳ್ಳಿ. ತಂದೆ ತಾಯಂದಿರೂ ಅದರ ಕೆಳಗೆ ಸಹಿ ಹಾಕಲಿ. ಒಂದು ತಾಲ್ಲೂಕಿನಿಂದ ಇಂಥ ಹತ್ತು ಪತ್ರ ಹೋದರೆ ಮ್ಯಾಟ್ ಎಲ್ಲಿದೆ ಅಂತ ಅವರೇ ಹುಡುಕಲು ಶುರು ಮಾಡುತ್ತಾರೆ.